ಹನ್ನೆರಡರ ಕೂಗು

ನಾನು ಒಂದು ಕೂಗು. ಕಡಲ ದಂಡೆಯ ಹಂಚಿನ ಕಾರ್ಖಾನೆಯಲ್ಲಿ, ಬಾಯ್ಲರ್ ಮನೆಯ ಮಾಡಿನ ಮೇಲೆ ಕೂತು, ಉಗಿ ಕುಡಿದು ಊರಿಗೆಲ್ಲ ಹೊತ್ತು ಹೇಳುತ್ತಿದ್ದ ಹಿತ್ತಾಳೆಯ ಸೀಟಿ. ಕಾರ್ಖಾನೆಯ ಕಾಗದಗಳಲ್ಲಿ ನನಗೆ ಬೇರೆ ಹೆಸರು ಇದ್ದಿರಬಹುದು. ಊರಿನವರು ಮಾತ್ರ ಕೂಗು ಎಂದೇ ಕರೆದರು. "ಕೂಗು ಆಯ್ತಾ?" ಎಂದು ಯಾರಾದರೂ ಕೇಳಿದರೆ ಅದು ನನ್ನದೇ ವಿಚಾರ. ನನ್ನಂಥ ಬಾಯಿಬಡುಕ ಆ ಕರಾವಳಿಯಲ್ಲಿ ಇನ್ನೊಬ್ಬ ಇರಲಿಲ್ಲ. ಆದರೂ ಹೇಳಲೇಬೇಕಾಗಿದ್ದ ಒಂದು ಮಾತನ್ನು ಹೊತ್ತಿಗೆ ಸರಿಯಾಗಿ ಹೇಳದೆ ಕೆಟ್ಟೆ. ಆ ಪಾಪವನ್ನು ಇಷ್ಟು ವರ್ಷ ಹೊಟ್ಟೆಯಲ್ಲಿಟ್ಟುಕೊಂಡಿದ್ದೆ, ಈಗ ಹೇಳಿಬಿಡುತ್ತೇನೆ.

ನಾನು ಹುಟ್ಟಿದ್ದು ಪೇಟೆಯ ಒಂದು ಎರಕದ ಮನೆಯಲ್ಲಿ. ಹಳೆಯ ಪಾತ್ರೆ, ಮುರಿದ ದೀಪದ ಕಂಬ, ಹಡಗಿನ ತಿರುಪು, ಎಲ್ಲವನ್ನೂ ಕರಗಿಸಿ ನನ್ನನ್ನು ಹೊಯ್ದರು. ಅಂಗೈ ಅಗಲದ ಬಾಯಿ, ಮೊಳದುದ್ದದ ಮೈ. ನನ್ನನ್ನು ಕಡೆದ ಮುದುಕ ತುಟಿಯ ಅಂಚನ್ನು ಹದಿನೈದು ದಿನ ಉಜ್ಜಿದ. ಮೊದಲ ಸಲ ಉಗಿ ಬಿಟ್ಟಾಗ ಎರಕದ ಮನೆಯ ನಾಯಿಗಳೆಲ್ಲ ಓಡಿಹೋದವು. ಮುದುಕ ಕಿವಿ ಮುಚ್ಚಿಕೊಂಡು ನಕ್ಕ. ಆ ನಗು ನನ್ನ ತಲೆಗೇರಿತು. ಆಗಿನಿಂದಲೇ ನನಗೆ ಜಂಬ.

ಕಾರ್ಖಾನೆ ಇದ್ದದ್ದು ಒಂದು ಕಡೆ ಹೊಳೆ, ಇನ್ನೊಂದು ಕಡೆ ಕಡಲು ಇರುವ ಜಾಗದಲ್ಲಿ. ದೋಣಿಗಳಲ್ಲಿ ಜೇಡಿಮಣ್ಣು ಬರುತ್ತಿತ್ತು. ಅದನ್ನು ಕಲಸಿ, ಅಚ್ಚಿಗೆ ಒತ್ತಿ, ಅಂಗಳದಲ್ಲಿ ಒಣಗಿಸಿ, ಭಟ್ಟಿಯಲ್ಲಿ ಸುಡುತ್ತಿದ್ದರು. ಹಸಿ ಹಂಚನ್ನು ತಲೆಯ ಮೇಲೆ ಹೊರುವವರು ಹೆಂಗಸರು. ಇನ್ನೂರಕ್ಕೂ ಹೆಚ್ಚು ಮಂದಿ. ಒಬ್ಬರ ಕೈಯಲ್ಲೂ ಗಡಿಯಾರ ಇರಲಿಲ್ಲ. ಬೆಳಿಗ್ಗೆ ಏಳಕ್ಕೆ ನಾನು ಕೂಗಿದರೆ ಅವರು ಒಳಗೆ, ಹನ್ನೆರಡಕ್ಕೆ ಕೂಗಿದರೆ ಗಂಜಿಗೆ, ಐದಕ್ಕೆ ಕೂಗಿದರೆ ಮನೆಗೆ. ಕೂಗು ಆಗದೆ ಗೇಟು ತೆರೆಯುವುದಿಲ್ಲ ಎಂಬುದು ಅಲ್ಲಿನ ಕಾನೂನು. ಹಾಲು ಕುಡಿಯುವ ಮಕ್ಕಳಿದ್ದವರ ಮನೆಯಿಂದ ಯಾರಾದರೂ ಹನ್ನೆರಡಕ್ಕೆ ಮಗುವನ್ನು ಗೇಟಿಗೆ ತರುತ್ತಿದ್ದರು. ನಾನು ಬಾಯಿ ತೆರೆದರೆ ಕೂಸುಗಳು ಅಳು ನಿಲ್ಲಿಸುತ್ತಿದ್ದವು, ಇನ್ನು ಅಮ್ಮ ಬರುತ್ತಾಳೆ ಎಂದು ಅವಕ್ಕೆ ಗೊತ್ತಿತ್ತು. ನನ್ನ ಜಂಬಕ್ಕೆ ಇನ್ನೇನು ಬೇಕು?

ನನ್ನ ಸರಪಳಿ ಹಿಡಿದವನು ಬಾಯ್ಲರಿನ ಐತಪ್ಪ. ಎತ್ತರದ ಆಳು, ದಪ್ಪ ಮೀಸೆ, ಮಾತು ಕಡಿಮೆ. ವಾರಕ್ಕೊಮ್ಮೆ ಏಣಿ ಹತ್ತಿ ಬಂದು ನನ್ನ ಮೈಯ ಉಪ್ಪುಗಾಳಿಯ ಕಲೆಯನ್ನು ಹುಣಸೆಹಣ್ಣು ಹಾಕಿ ತಿಕ್ಕುತ್ತಿದ್ದ. ಅವನ ಹೆಂಡತಿ ವಾರಿಜ ಅಂಗಳದಲ್ಲಿ ಹಂಚು ಹೊರುತ್ತಿದ್ದಳು. ಅವಳು ಆ ಅಂಗಳಕ್ಕೆ ಬಂದಾಗ ಹದಿನೆಂಟು, ಮದುವೆಯಾದಾಗ ಇಪ್ಪತ್ತು. ಜೊತೆಯ ಹೆಂಗಸರು ಅವಳನ್ನು ಕಾಡುತ್ತಿದ್ದರು, "ನಿನ್ನ ಗಂಡ ಎಳೆಯದೆ ನಮಗೆ ಗಂಜಿ ಇಲ್ಲ ಮಾರಾಯ್ತಿ, ಅವನನ್ನು ಚಂದ ಮಾಡಿ ನೋಡ್ಕೊ" ಎಂದು. ಅವಳು ಹಂಚಿನ ಹೊರೆಯ ಕೆಳಗೇ ನಗುತ್ತಿದ್ದಳು.

ಈಗ ನನ್ನ ಕಳ್ಳತನದ ವಿಷಯ. ಮಳೆಗಾಲದ ಮೊದಲು ಎಲ್ಲರಿಗೂ ಹಂಚು ಬೇಕು. ಆಗ ಮೇನೇಜರು ಬಾಯ್ಲರ್ ಮನೆಗೆ ಬಂದು "ಸ್ವಲ್ಪ ತಡಿ" ಎನ್ನುತ್ತಿದ್ದರು. ಹನ್ನೆರಡರ ಕೂಗು ಐದು ನಿಮಿಷ ತಡವಾಗುತ್ತಿತ್ತು, ಕೆಲವೊಮ್ಮೆ ಹತ್ತು. ಹೆಂಗಸರೇನು ಪೆದ್ದರಲ್ಲ. ಚಪ್ಪಲಿ ಇಲ್ಲದ ಕಾಲಿನ ಹತ್ತಿರ ಅವರದೇ ಗಡಿಯಾರ ಇತ್ತು. ಆ ಕರಾವಳಿಯಲ್ಲಿ ಸೂರ್ಯ ನೆತ್ತಿಗೆ ಬರುವುದು ಹನ್ನೆರಡೂವರೆಯ ಹೊತ್ತಿಗೆ, ಹಾಗಾಗಿ ಏಪ್ರಿಲ್ ಕೊನೆಯಲ್ಲಿ ಹನ್ನೆರಡಕ್ಕೆ ತಲೆಯ ನೆರಳು ಪಾದದಿಂದ ಒಂದು ಗೇಣು ಕಡಲಿನ ಕಡೆಗೆ ಬೀಳುತ್ತದೆ. ಗೇಣು ಸಣ್ಣದಾದರೆ ಕೂಗು ತಡ. ಅವರು ಗೊಣಗುತ್ತಿದ್ದರು, ಮತ್ತೆ ಹೊರೆ ಎತ್ತುತ್ತಿದ್ದರು. ಇನ್ನೂರು ಹೆಂಗಸರ ಹೊಟ್ಟೆಯಿಂದ ದಿನಕ್ಕೆ ಐದು ನಿಮಿಷ ಕದ್ದದ್ದು ನಾನೇ. ಹೇಳಿಸಿದವರು ಬೇರೆ ಎಂಬ ನೆಪ ನನಗೆ ಇತ್ತು, ಅದನ್ನು ಚೆನ್ನಾಗಿಯೇ ಬಳಸಿಕೊಂಡೆ.

ಸಾವಿರದ ಒಂಬೈನೂರ ಎಪ್ಪತ್ತೆರಡರ ಏಪ್ರಿಲ್. ಐತಪ್ಪ ಮತ್ತು ವಾರಿಜರ ಮಗು ಜಯಕರನಿಗೆ ಐದು ತಿಂಗಳು. ಎರಡು ದಿನದಿಂದ ಸಣ್ಣ ಜ್ವರ ಇತ್ತು. ಆ ದಿನ ಹತ್ತು ಗಂಟೆಗೆ ಮನೆಯಿಂದ ಹೇಳಿಕೆ ಬಂತು, ಮೈ ಕೆಂಡವಾಗಿದೆ, ಹಾಲು ಎಳೆಯುತ್ತಿಲ್ಲ, ಕುತ್ತಿಗೆ ಬಿಗಿಯುತ್ತಿದೆ ಎಂದು. ವಾರಿಜ ಹೊರೆ ಇಳಿಸಿ ಬಾಯ್ಲರ್ ಮನೆಯ ಬಾಗಿಲಿಗೆ ಓಡಿಬಂದಳು.

"ಹನ್ನೆರಡು ಹತ್ತಕ್ಕೆ ಪೇಟೆಯ ಬಸ್ಸು ಉಂಟು" ಎಂದ ಐತಪ್ಪ. "ಅಮ್ಮ ಮಗುವನ್ನು ಗೇಟಿಗೆ ತರ್ಲಿ. ನಾನು ಸರಿಯಾಗಿ ಹನ್ನೆರಡಕ್ಕೆ ಎಳೀತೇನೆ. ಕೂಗು ಕೇಳಿದ ಕೂಡ್ಲೆ ನೀನು ಓಡು."

"ನೀವು ಇವತ್ತು ತಡ ಮಾಡ್ಬೇಡಿ" ಎಂದಳು ಅವಳು.

"ಇಲ್ಲ ಅಂದೆನಲ್ಲ."

ಹನ್ನೆರಡಕ್ಕೆ ಎರಡು ನಿಮಿಷ ಇರುವಾಗ ಅವನು ಸರಪಳಿ ಹಿಡಿದ. ಉಗಿ ತುಂಬಿತ್ತು, ನನ್ನ ಗಂಟಲು ಬಿಸಿಯಾಗಿತ್ತು. ಆಗ ಮೇನೇಜರು ಒಳಗೆ ಬಂದರು. "ಆ ಕೊನೆಯ ಸಾಲು ಭಟ್ಟಿಗೆ ಹೋಗ್ಲಿ. ಆಮೇಲೆ ಎಳಿ" ಎಂದರು. ಹೇಳಿ ಹೋಗಲಿಲ್ಲ, ಅಲ್ಲೇ ನಿಂತರು. ಐತಪ್ಪ ಬಾಯಿ ತೆರೆದ. ಮಗುವಿಗೆ ಜ್ವರ ಎನ್ನುತ್ತಾನೆ ಎಂದು ನಾನು ಕಾದೆ. ಅವನ ಬಾಯಿಂದ ಬಂದದ್ದು "ಆಯ್ತು ಧಣಿ" ಎಂಬ ಮಾತು ಮಾತ್ರ.

ಅವನ ಕೈ ಸರಪಳಿಯ ಮೇಲೆಯೇ ಇತ್ತು. ಇಪ್ಪತ್ತು ನಿಮಿಷ. ಅವನ ಬೆವರು ಸರಪಳಿಯ ಕೊಂಡಿಗಳಲ್ಲಿ ಇಳಿಯುತ್ತಿತ್ತು. ಮೇಲಿನಿಂದ ನನಗೆ ಎಲ್ಲವೂ ಕಾಣುತ್ತಿತ್ತು. ಗೇಟಿನ ಹೊರಗೆ ಕಣ್ಣು ಮಂಜಾದ ಅಜ್ಜಿ, ಅವಳ ತೊಡೆಯ ಮೇಲೆ ಬಟ್ಟೆ ಸುತ್ತಿದ ಮಗು. ಒಳಗೆ ಅಂಗಳದಲ್ಲಿ ವಾರಿಜ. ಅವಳು ಒಂದು ಸಲ ತನ್ನ ಕಾಲಬುಡ ನೋಡಿದಳು, ಒಂದು ಸಲ ನನ್ನನ್ನು ನೋಡಿದಳು, ಮತ್ತೆ ಹೊರೆ ಎತ್ತಿದಳು. ಬಸ್ಸು ಬಂತು, ನಿಂತಿತು, ಧೂಳೆಬ್ಬಿಸಿ ಹೋಯಿತು. ಕೊನೆಯ ಸಾಲು ಭಟ್ಟಿಗೆ ಹೋದ ಮೇಲೆ ಐತಪ್ಪ ನನ್ನನ್ನು ಎಳೆದ.

ಇಲ್ಲಿ ನನ್ನ ತಪ್ಪನ್ನೂ ಹೇಳಬೇಕು. ಉಗಿ ಹೆಚ್ಚಾದರೆ ಯಾವ ಸೀಟಿಯ ತುಟಿಯೂ ಸಡಿಲವಾಗಿ, ಉಗಿ ಸೋರಿ, ಸಣ್ಣಗೆ ಕಿರುಗುಟ್ಟುತ್ತದೆ. ನಾನು ಮಾತ್ರ ಯಾವತ್ತೂ ಸೋರಿದವನಲ್ಲ, ಅದು ನನ್ನ ಹೆಮ್ಮೆ. ಆ ದಿನ ಸೋರಬೇಕಿತ್ತು. ಒಂದು ಸಲ ಕಿರುಗುಟ್ಟಿದ್ದರೂ ಸಾಕಿತ್ತು, ಅವಳು ಓಡುತ್ತಿದ್ದಳು. ನಾನು ತುಟಿ ಬಿಗಿಹಿಡಿದು ಕೂತಿದ್ದೆ. ಆ ಹೆಮ್ಮೆಯನ್ನು ನೆನೆದರೆ ಈಗ ನನಗೆ ಹೇಸಿಗೆಯಾಗುತ್ತದೆ.

ಮುಂದಿನ ಬಸ್ಸು ನಾಲ್ಕಕ್ಕೆ. ಪೇಟೆಯ ಆಸ್ಪತ್ರೆಯಲ್ಲಿ ಮಿದುಳಿನ ಜ್ವರ ಎಂದರು. ಮಗು ಬದುಕಿತು, ಕಿವಿ ಹೋಯಿತು. ಇನ್ನೂ ಮೊದಲೇ ತಂದಿದ್ದರೆ ಉಳಿಯುತ್ತಿತ್ತೇ ಎಂದು ಕೇಳಿದ್ದಕ್ಕೆ ಡಾಕ್ಟರು ಹೇಳಲಿಕ್ಕೆ ಬರುವುದಿಲ್ಲ ಎಂದರಂತೆ. ಆ ದಿನ ನಾಲ್ಕರ ಬಸ್ಸಿಗೆ ಕಾಯುವಾಗ ಐತಪ್ಪ ಗೇಟಿನ ಹತ್ತಿರ ಹೆಂಡತಿಗೆ ಹೇಳಿದ್ದನ್ನು ನಾನೇ ಕೇಳಿದ್ದೇನೆ. "ಇವತ್ತು ಬಸ್ಸೇ ಬೇಗ ಹೋಗಿದೆ" ಎಂದ. ಅವಳು ಹೌದು ಎಂದಳು.

ಆಮೇಲೆ ಐತಪ್ಪ ಬದಲಾದ. ಮೇನೇಜರು ತಡಿ ಎಂದರೂ ತಡೆಯಲಿಲ್ಲ. ಗಡಿಯಾರದ ಮುಳ್ಳು ಹನ್ನೆರಡಕ್ಕೆ ಬಂದರೆ ಎಳೆದೇ ಬಿಡುತ್ತಿದ್ದ. ಎರಡು ಸಲ ಕೆಲಸದಿಂದ ಹೊರಗಿಟ್ಟರು, ಬಾಯ್ಲರು ಬೇರೆ ಯಾರ ಮಾತೂ ಕೇಳದಿದ್ದಾಗ ಮತ್ತೆ ಕರೆದರು. ಕೊನೆಗೆ ಮೇನೇಜರುಗಳೂ ಕೇಳುವುದನ್ನು ಬಿಟ್ಟರು. ಐತಪ್ಪನ ಕೂಗು ಅಂದರೆ ಕೂಗು, ರೇಡಿಯೋ ತಪ್ಪಿದರೂ ಅದು ತಪ್ಪದು ಎಂದು ಊರಲ್ಲಿ ಮಾತಾಯಿತು. ಹೆಸರು ಬಂದಷ್ಟೂ ಅವನು ಕುಗ್ಗಿದ. ಏಣಿ ಹತ್ತಿ ನನ್ನನ್ನು ತಿಕ್ಕುವಾಗ ಒಂದೊಂದು ಸಲ ಕೈ ನಿಲ್ಲಿಸಿ ಗೇಟಿನ ಕಡೆ ನೋಡುತ್ತಿದ್ದ. ಆಗ ನನಗೆ ಎಲ್ಲಾದರೂ ಬಿದ್ದು ಒಡೆದುಹೋಗೋಣ ಅನ್ನಿಸುತ್ತಿತ್ತು.

ಎರಡು ಸಾವಿರದ ಎರಡರಲ್ಲಿ ಕಾರ್ಖಾನೆ ಮುಚ್ಚಿತು. ಮರುವರ್ಷ ಐತಪ್ಪ ತೀರಿಕೊಂಡ ಸುದ್ದಿ ನನಗೆ ಗುಜರಿಯಲ್ಲಿ ತಲುಪಿತು. ಹೌದು, ನನ್ನನ್ನು ಬಿಚ್ಚಿ ಗುಜರಿಗೆ ಹಾಕಿದ್ದರು. ತುಕ್ಕು ಹಿಡಿದ ಲಂಗರುಗಳ ನಡುವೆ, ಬಾಯಿ ಕೆಳಗಾಗಿ, ಹದಿನಾರು ವರ್ಷ ಬಿದ್ದಿದ್ದೆ. ಬಾಯೊಳಗೆ ಇರುವೆ ಗೂಡು ಕಟ್ಟಿತ್ತು. ನಿಜ ಹೇಳಬೇಕೆಂದರೆ ಅಲ್ಲಿ ನನಗೆ ನೆಮ್ಮದಿ ಇತ್ತು. ನನ್ನಂಥವನಿಗೆ ಅದೇ ತಕ್ಕ ಜಾಗ ಎಂದುಕೊಂಡಿದ್ದೆ.

ಆದರೆ ಕಾರ್ಖಾನೆಯನ್ನು ಯಾರೋ ಕೊಂಡು ಮದುವೆ ಮಾಡುವ ಜಾಗವಾಗಿ ಬದಲಿಸಿದರು. ಹಂಚಿನಂಗಳ ಎಂದು ಹೆಸರಿಟ್ಟರು. ಭಟ್ಟಿಯ ಕಮಾನುಗಳಿಗೆ ದೀಪ, ಮಣ್ಣು ಕಲಸುವ ಕೊಟ್ಟಿಗೆಯಲ್ಲಿ ಮದರಂಗಿ, ಒಣಗಿಸುವ ಅಂಗಳದಲ್ಲಿ ಊಟ, ಹಿಂದೆ ಕಡಲು. ಹಳೆಯದೆಲ್ಲ ಹಾಗೆಯೇ ಇದ್ದರೆ ಚಂದ ಎಂದು ನನ್ನನ್ನೂ ಹುಡುಕಿ ತಂದರು, ತೊಳೆದು ಹೊಳೆಯಿಸಿದರು, ಬಾಯ್ಲರ್ ಮನೆಯ ಗೋಡೆಗೆ ಕೈಗೆಟುಕುವ ಎತ್ತರದಲ್ಲಿ ಕೂರಿಸಿದರು. ಉಗಿಯ ಬದಲು ಗಾಳಿ ಯಂತ್ರದ ಕೊಳವೆ ಹಾಕಿದರು. ಮದುಮಕ್ಕಳು ನನ್ನ ಹತ್ತಿರ ನಿಂತು ಫೋಟೋ ತೆಗೆಸಿಕೊಂಡರು. ನಾನು ಗೊಂಬೆಯ ಹಾಗೆ ಸುಮ್ಮನೆ ಇದ್ದೆ.

ಹೋದ ವರ್ಷ ಮಾರ್ಚ್ ತಿಂಗಳಲ್ಲಿ ಒಬ್ಬ ಹುಡುಗಿ ಮದುವೆ ಗೊತ್ತುಮಾಡಲು ಬಂದಳು. ಹೆಸರು ಪ್ರತೀಕ್ಷಾ. ಜೊತೆಗೆ ಅವಳ ಅಪ್ಪ, ಕೈತುಂಬ ಬಣ್ಣದ ಕಲೆಯ ಐವತ್ತು ದಾಟಿದ ಮನುಷ್ಯ. ಅವನು ಬೋಟುಗಳಿಗೆ ಹೆಸರು ಬರೆಯುವವನು, ಕಿವಿ ಕೇಳುವುದಿಲ್ಲ, ಮಾತು ಬರುವುದಿಲ್ಲ ಎಂದು ಅವಳು ಅಲ್ಲಿನ ವ್ಯವಸ್ಥೆ ನೋಡಿಕೊಳ್ಳುವ ಶಮಂತನಿಗೆ ಹೇಳಿದಳು. ಮುಖ ಎತ್ತಿ ಅವನು ನನ್ನನ್ನು ನೋಡಿದ. ಐತಪ್ಪನದೇ ಹಣೆ. ನನ್ನ ಹಿತ್ತಾಳೆ ತಣ್ಣಗಾಯಿತು.

ಪ್ರತೀಕ್ಷಾ ಗಟ್ಟಿ ಹುಡುಗಿ. ಮಂಟಪ ಭಟ್ಟಿಯ ಬಾಯಿಗೆ ಬೇಡ, ಅಂಗಳಕ್ಕೇ ಬೇಕು ಎಂದಳು. ಕಡಲಗಾಳಿಗೆ ಚಪ್ಪರದ ಹೂವು ನಿಲ್ಲುತ್ತದೆಯೇ, ಭರತದ ನೀರು ಎಲ್ಲಿವರೆಗೆ ಬರುತ್ತದೆ, ಪುರೋಹಿತರ ಹೋಮದ ಹೊಗೆ ಯಾವ ಕಡೆ ಹೋಗುತ್ತದೆ, ಎಲ್ಲ ಕೇಳಿದಳು. ಕೊನೆಗೆ ನನ್ನನ್ನು ತೋರಿಸಿ, "ಇದು ನಮ್ಮ ಅಜ್ಜನ ಕೂಗು. ಇದಕ್ಕಾಗಿಯೇ ಇಲ್ಲಿ ಮದುವೆ" ಎಂದಳು.

ಶಮಂತನಿಗೆ ಅಷ್ಟು ಸಿಕ್ಕಿದರೆ ಸಾಕು. "ಧಾರೆಯ ನೀರು ಬೀಳ್ತದಲ್ಲ, ಅದೇ ಸೆಕೆಂಡಿಗೆ ಅಜ್ಜಿಯವರು ಸರಪಳಿ ಎಳೀಲಿ. ಮೇಲಿಂದ ಡ್ರೋನ್ ಇಳೀತದೆ. ಬಂದವರು ಯಾರೂ ಮರೀಲಿಕ್ಕಿಲ್ಲ" ಎಂದ. ನನ್ನ ಕೆಳಗೆ ಹಾಕಲು ಒಂದು ಹಲಗೆಯನ್ನೂ ಗೊತ್ತುಮಾಡಿದರು. ಅದರಲ್ಲಿ ಬರೆಯಬೇಕಾದ್ದನ್ನು ಪ್ರತೀಕ್ಷಾ ಚೀಟಿಯಲ್ಲಿ ಬರೆದು ಅಪ್ಪನ ಕೈಗೆ ಕೊಟ್ಟಳು: ಐತಪ್ಪ ಪೂಜಾರಿ, ಒಂದು ದಿನವೂ ತಡ ಮಾಡದೆ ಊರಿಗೆ ಹೊತ್ತು ಹೇಳಿದವರು.

ಆ ಅಕ್ಷರಗಳನ್ನು ಜಯಕರ ಮೂರು ವಾರದಲ್ಲಿ ಎಷ್ಟು ಚಂದವಾಗಿ ಬರೆದು ತಂದ ಎಂದರೆ, ನೋಡಲಾರದೆ ನಾನು ಕಡಲಿನ ಕಡೆ ನೋಡಿದೆ. ಬೇರೆ ಯಾರಾದರೂ ಬರೆದಿದ್ದರೆ ಸಹಿಸುತ್ತಿದ್ದೆ. ಆ ಒಂದು ದಿನದ ತಡಕ್ಕೆ ಬೆಲೆ ಕೊಟ್ಟವನ ಕೈಯಿಂದಲೇ ಆ ಮಾತು ಬರೆಸಿದ್ದರು. ಆ ಸುಳ್ಳಿಗೆ ಮದುವೆ ದಿನ ಮುನ್ನೂರು ಜನರ ಎದುರು ನಾನು ಗಂಟಲು ಬಿಚ್ಚಿ ಸಾಕ್ಷಿ ಹೇಳಬೇಕಿತ್ತು. ಬೇಡ ಎನ್ನಲು ನನಗೆ ಬಾಯಿ ಇಲ್ಲ. ನನ್ನ ಬಾಯಿ ಯಾವತ್ತೂ ಸರಪಳಿ ಹಿಡಿದವರದು.

ಮದುವೆಗೆ ಒಂದು ವಾರ ಇರುವಾಗ ಅಜ್ಜಿಯನ್ನು ಕರೆತಂದರು. ವಾರಿಜಕ್ಕನಿಗೆ ಎಪ್ಪತ್ತಮೂರು. ಬೆನ್ನು ಬಗ್ಗಿದೆ, ನಡಿಗೆ ಮಾತ್ರ ಹೊರೆ ಹೊತ್ತವರದೇ, ಕತ್ತು ಅಲುಗದ ನಡಿಗೆ. ಅಂಗಳಕ್ಕೆ ಕಾಲಿಡುವಾಗ ಚಪ್ಪಲಿ ಬಿಟ್ಟಳು. ಯಾರೂ ಹೇಳಿರಲಿಲ್ಲ.

"ಅಜ್ಜಿ, ನೀವೇ ಎಳೀಬೇಕು. ಒಂದು ಸಲ ಎಳೆದು ನೋಡಿ" ಎಂದಳು ಪ್ರತೀಕ್ಷಾ.

ವಾರಿಜಕ್ಕ ಹಲಗೆಯನ್ನು ಓದಿಸಿ ಕೇಳಿದಳು. ಸರಪಳಿ ಹಿಡಿದಳು. ಆಮೇಲೆ ಬಿಟ್ಟಳು. "ಬೇಡ ಮಗಾ" ಎಂದಳು.

"ಯಾಕಜ್ಜಿ? ಅಜ್ಜನ ಹೆಸರಲ್ಲವಾ?"

ವಾರಿಜಕ್ಕ ಮಗನ ಕಡೆ ತಿರುಗಿದಳು. ಜಯಕರ ಅಮ್ಮನ ತುಟಿ ನೋಡಿ ಮಾತು ತಿಳಿಯುತ್ತಾನೆ. ಉಳಿದದ್ದಕ್ಕೆ ಅವರಿಬ್ಬರದೇ ಕೈಸನ್ನೆಗಳಿವೆ. ಅವಳು ಅವನ ಎದುರು ನಿಂತು, ನಿಧಾನವಾಗಿ, ಒಂದೊಂದೇ ಮಾತು ಹೇಳಿದಳು.

"ನಿನಗೆ ಜ್ವರ ಬಂದ ದಿನ ಸರಿಯಾಗಿ ಹನ್ನೆರಡಕ್ಕೆ ಎಳೀತೇನೆ ಅಂದಿದ್ರು ನಿನ್ನ ಅಪ್ಪ. ಕೂಗು ತಡ ಆಯ್ತು. ಬಸ್ಸು ಬೇಗ ಹೋಗ್ಲಿಲ್ಲ. ನನ್ನ ನೆರಳು ಕಾಲಡಿಗೆ ಬಂದಾಗಿತ್ತು, ಇದೇ ಅಂಗಳದಲ್ಲಿ. ಹೊತ್ತು ಮೀರಿದ್ದು ನಂಗೆ ಗೊತ್ತಿತ್ತು."

ನನಗೆ ನಂಬಲಾಗಲಿಲ್ಲ. ಅವಳಿಗೆ ಏನೂ ಗೊತ್ತಿಲ್ಲ, ಗುಟ್ಟು ನನ್ನದು ಮತ್ತು ಐತಪ್ಪನದು ಎಂದು ಐವತ್ತೆರಡು ವರ್ಷ ತಿಳಿದಿದ್ದೆ.

"ಗೇಟಿನವ ನಮ್ಮವನೇ. ಕೇಳಿದ್ರೆ ಬಿಡ್ತಿದ್ದ" ಎಂದಳು. "ಆದ್ರೆ ಕೂಗು ಆಗದೆ ನಾನು ಓಡಿದ್ರೆ, ಅಷ್ಟು ಹೆಂಗಸರ ಎದುರು ನನ್ನ ಗಂಡನ ಕೂಗು ಸುಳ್ಳು ಅಂತ ನಾನೇ ಹೇಳಿದ ಹಾಗೆ ಆಗ್ತಿತ್ತು. ಬೇರೆಯವರು ಗೊಣಗ್ಲಿ, ನಾನು ಹೇಗೆ ಓಡುದು? ನಿನ್ನ ಅಪ್ಪನ ಮರ್ಯಾದೆ ನೋಡಿದೆ. ನಿನ್ನನ್ನು ನೋಡ್ಲಿಲ್ಲ. ಅವರು ಬಸ್ಸು ಬೇಗ ಹೋಯ್ತು ಅಂದ್ರು. ನಾನು ಹೌದು ಅಂದೆ. ಅವರು ಸಾಯುವವರೆಗೂ ಹೌದು ಅಂತ್ಲೇ ಇದ್ದೆ."

ಶಮಂತ ತನ್ನ ಫೈಲು ಮುಚ್ಚಿ ದೂರ ಸರಿದ. ಪ್ರತೀಕ್ಷಾ ಅಜ್ಜಿಯ ತೋಳು ಹಿಡಿದಿದ್ದಳು. ಜಯಕರ ಸಿಟ್ಟಾಗುತ್ತಾನೆ, ನನ್ನನ್ನು ಗೋಡೆಯಿಂದ ಕಿತ್ತು ಕಡಲಿಗೆ ಎಸೆಯುತ್ತಾನೆ ಎಂದುಕೊಂಡೆ. ಎಸೆದರೆ ಒಳ್ಳೆಯದೇ ಎಂದೂ ಅಂದುಕೊಂಡೆ. ಅವನು ಎರಡು ಬೆರಳಿನಿಂದ ಮೇಲ್ತುಟಿಯ ಮೇಲೆ ದಪ್ಪ ಮೀಸೆ ಎಳೆದ, ಹಣೆ ಮುಟ್ಟಿದ, ಅಮ್ಮನನ್ನು ತೋರಿಸಿದ.

"ನಿಮಗೆ ಗೊತ್ತಿತ್ತು ಅಂತ ಅಜ್ಜನಿಗೆ ಗೊತ್ತಿತ್ತಾ ಅಂತ ಕೇಳ್ತಿದ್ದಾರೆ" ಎಂದಳು ಪ್ರತೀಕ್ಷಾ.

ವಾರಿಜಕ್ಕ ಇಲ್ಲ ಎಂದು ತಲೆಯಾಡಿಸಿದಳು.

ಜಯಕರ ಬಾಯ್ಲರ್ ಮನೆಯ ಮೆಟ್ಟಿಲ ಮೇಲೆ ಕುಸಿದು ಕೂತ. ಮತ್ತೆ ಮೀಸೆ ಎಳೆದ, ಒಂದೇ ಬೆರಳು ಎತ್ತಿ ತೋರಿಸಿದ, ಎದೆಯ ಮೇಲೆ ಕೈಯಿಟ್ಟು ಅತ್ತ. ಅಪ್ಪ, ಒಬ್ಬನೇ. ಇದನ್ನು ಪ್ರತೀಕ್ಷಾ ಬಾಯಿಬಿಟ್ಟು ಹೇಳಬೇಕಾಗಿರಲಿಲ್ಲ. ಅವನು ತನ್ನ ಕಿವಿಯನ್ನು ಒಂದು ಸಲವೂ ಮುಟ್ಟಲಿಲ್ಲ. ವಾರಿಜಕ್ಕ ಸೆರಗಿನಿಂದ ಮುಖ ಮುಚ್ಚಿಕೊಂಡಳು. ಗಂಡನ ಮರ್ಯಾದೆ ಉಳಿಸಿದ್ದೇನೆ ಎಂದುಕೊಂಡಿದ್ದಳು. ಅವನನ್ನು ಆ ಸುಳ್ಳಿನೊಳಗೆ ಒಂಟಿಯಾಗಿ ಬಿಟ್ಟಿದ್ದೆ ಎಂಬುದು ಅವಳಿಗೆ ಆಗ ಹೊಳೆಯಿತು. ಒಬ್ಬನೇ ಅಲ್ಲ ಮಾರಾಯ, ನಾನಿದ್ದೆ ಎಂದು ಹೇಳಬೇಕೆನಿಸಿತು. ನಾನು ಇದ್ದದ್ದರಿಂದ ಅವನಿಗೆ ಏನು ಉಪಕಾರವಾಯಿತು?

ಸ್ವಲ್ಪ ಹೊತ್ತಿನ ಮೇಲೆ ಜಯಕರ ಎದ್ದು ಮಗಳಿಗೆ ಸನ್ನೆ ಮಾಡಿದ, ಅವಳು ಅದನ್ನು ಬಾಯಲ್ಲಿ ಹೇಳಿದಳು. ಧಾರೆಗೆ ಕೂಗು ಬೇಡ. ಅದಕ್ಕೆ ವಾಲಗ ಸಾಕು. ಅಪ್ಪ ಆ ದಿನ ಹನ್ನೆರಡಕ್ಕೆ ಎಳೆಯುತ್ತೇನೆ ಎಂದಿದ್ದನಲ್ಲ, ಆ ಮಾತನ್ನು ಒಂದು ಸಲ ನಡೆಸಿಕೊಡೋಣ. ಇಷ್ಟು ಹೇಳಿಸಿ, ಅವನು ಬಣ್ಣದ ಡಬ್ಬಿ ತರಿಸಿ, ಹಲಗೆಯ ಮೇಲೆ ಅಪ್ಪನ ಹೆಸರೊಂದನ್ನು ಬಿಟ್ಟು ಉಳಿದ ಸಾಲನ್ನೆಲ್ಲ ಬಿಳಿ ಬಳಿದು ಮುಚ್ಚಿದ.

ಮದುವೆಯ ದಿನ ಅಂಗಳ ತುಂಬ ಜನ. ಹನ್ನೆರಡು ಮೂವತ್ತೈದರ ಮುಹೂರ್ತ. ಹನ್ನೆರಡಕ್ಕೆ ಸ್ವಲ್ಪ ಮೊದಲು ವಾರಿಜಕ್ಕ ಎದ್ದು ಬಂದು ನನ್ನ ಕೆಳಗೆ ನಿಂತಳು, ಮೊಮ್ಮಗಳ ಮೊಬೈಲು ಕೈಯಲ್ಲಿತ್ತು. ಜಯಕರ ಒಂದು ಕೈಯಲ್ಲಿ ಸರಪಳಿ ಹಿಡಿದ. ಅವನ ಕಣ್ಣು ಅಮ್ಮನ ಮುಖ ಬಿಟ್ಟು ಕದಲಲಿಲ್ಲ. ಮೊಬೈಲಿನಲ್ಲಿ ಅಂಕಿ ಬದಲಾದ ಕೂಡಲೇ ಅವಳು ಕೈ ಬೀಸಿದಳು, ಅವನು ಎಳೆದ.

ಧಾರೆಗೆ ಕರೆಯುತ್ತಿದ್ದಾರೆ ಎಂದುಕೊಂಡು ಜನ ಕುರ್ಚಿ ಎಳೆದುಕೊಂಡು ಮಂಟಪದ ಕಡೆ ತಿರುಗಿದರು. ಗಾಳಿ ತುಂಬಿದ ನನ್ನ ಗಂಟಲು ಮೊದಲಿನಷ್ಟು ದಪ್ಪವಿರಲಿಲ್ಲ, ಆದರೂ ಹೊಳೆಯ ಆಚೆಗೆ ಕೇಳಿಸಿತಂತೆ. ಜಯಕರನಿಗೆ ಕೇಳಿಸಲಿಲ್ಲ. ನಿಲ್ಲಿಸಬೇಕೋ ಬೇಡವೋ ಎಂದು ಅವನು ಅಮ್ಮನನ್ನು ನೋಡುತ್ತಿದ್ದ. ಅವಳು ಗೇಟಿನ ಕಡೆ ನೋಡುತ್ತಿದ್ದಳು.

ಸರಿಯಾಗಿ ಹನ್ನೆರಡಕ್ಕೆ ಕೂಗಿದೆ. ಆ ಬಸ್ಸು ಹೋಗಿ ಐವತ್ತೆರಡು ವರ್ಷವಾಗಿತ್ತು.